ಮಧುಮೇಹಿಗಳ ಮೂತ್ರಬಾಧೆ: ಸಂಕೋಚಕ್ಕೆ ತೆರುತ್ತಿರುವ ಬೆಲೆ

ನಮ್ಮ ಸಂಘ ಸಂಸ್ಥೆಗಳ ವಾರ್ಷಿಕೋತ್ಸವಗಳಲ್ಲಿ, ಯಕ್ಷಗಾನ ಪ್ರದರ್ಶನಗಳಲ್ಲಿ, ಮದುವೆಯ ಸಭಾಗೃಹಗಳಲ್ಲಿ ಒಂದು ದೃಶ್ಯವನ್ನು ನಾವೆಲ್ಲರೂ ಕಂಡಿದ್ದೇವೆ. ಮುಂದಿನ ಸಾಲಿನಲ್ಲಿ ಗೌರವದ ಆಸನ ಕಾದಿರಿಸಿದ್ದರೂ ಹಿರಿಯರೊಬ್ಬರು ಬಾಗಿಲ ಬಳಿಯ ಕೊನೆಯ ಕುರ್ಚಿಯನ್ನೇ ಆರಿಸಿಕೊಳ್ಳುತ್ತಾರೆ. ಸಂಘಟಕರು ಕೈಹಿಡಿದು ಕರೆದರೂ "ಇಲ್ಲೇ ಗಾಳಿ ಚೆನ್ನಾಗಿದೆ, ಬಿಡಿ" ಎನ್ನುತ್ತಾರೆ. ಪಾನಕ ಕೊಟ್ಟರೆ ಬೇಡವೆನ್ನುತ್ತಾರೆ. ಒಂದೆರಡು ವರ್ಷ ಹೀಗೆ ಕಳೆದ ಮೇಲೆ ಕಾರ್ಯಕ್ರಮಕ್ಕೆ ಬರುವುದನ್ನೇ ನಿಲ್ಲಿಸುತ್ತಾರೆ. ವಯಸ್ಸಾಯಿತು, ಮೊಣಕಾಲು ನೋವು, ದೂರದ ಪ್ರಯಾಣ ಎಂದು ಮನೆಯವರು ಕಾರಣ ಹೇಳುತ್ತಾರೆ. ನಿಜವಾದ ಕಾರಣ ಬಹಳಷ್ಟು ಸಲ ಬೇರೆಯೇ ಇರುತ್ತದೆ. ಲಘುಶಂಕೆಗೆ ಅವಸರವಾದರೆ ತಡೆದುಕೊಳ್ಳಲಾಗುವುದಿಲ್ಲ ಎಂಬ ಭಯ ಅದು. ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆಯ ಮಾತ್ರೆ ನುಂಗುತ್ತಿರುವವರು ಕೂಡ ಈ ಭಯಕ್ಕೂ ಆ ಕಾಯಿಲೆಗೂ ಸಂಬಂಧವಿದೆಯೆಂದು ತಿಳಿದಿರುವುದಿಲ್ಲ.

ವಿಚಿತ್ರವೆಂದರೆ, ರೋಗದ ಹೆಸರಿನಲ್ಲಿಯೇ ಮೂತ್ರವಿದೆ. ಮೇಹ ಎಂಬ ಶಬ್ದ ಬಂದಿರುವುದು ಮೂತ್ರ ವಿಸರ್ಜಿಸು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದ. ಜೇನಿನಂತಹ ಮೂತ್ರ ಹೋಗುವ ರೋಗವೇ ಮಧುಮೇಹ. ನಮ್ಮ ಪ್ರಾಚೀನ ವೈದ್ಯರು ಯಾವ ಮುಜುಗರವೂ ಇಲ್ಲದೆ ರೋಗಿಯ ಮೂತ್ರಕ್ಕೆ ಇರುವೆ ಮುತ್ತುವುದನ್ನು ಗಮನಿಸಿ ಬರೆದಿಟ್ಟರು. ನಾವಾದರೋ ಕಣ್ಣಿನ ಪೊರೆ, ಪಾದದ ಹುಣ್ಣು, ಡಯಾಲಿಸಿಸ್ ಎಲ್ಲವನ್ನೂ ಊಟದ ಪಂಕ್ತಿಯಲ್ಲಿಯೇ ಚರ್ಚಿಸುತ್ತೇವೆ, ಇದೊಂದನ್ನು ಮಾತ್ರ ವೈದ್ಯರ ಮುಂದೆಯೂ ಬಾಯಿಬಿಡುವುದಿಲ್ಲ.

ಇದು ಕೆಲವೇ ಮನೆಗಳ ಸಂಗತಿಯೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಂದಿಗೆ ದೇಶದಾದ್ಯಂತ ನಡೆದ ಇಂಡಿಯಾಬ್ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ಭಾರತದ ಮಧುಮೇಹಿಗಳ ಸಂಖ್ಯೆ 10.1 ಕೋಟಿ, ಮಧುಮೇಹದ ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಮಧುಮೇಹಿ ಸ್ತ್ರೀಪುರುಷರಲ್ಲಿ ಅರ್ಧಕ್ಕೂ ಹೆಚ್ಚು ಮಂದಿಗೆ ಮೂತ್ರಕೋಶದ ಒಂದಿಲ್ಲೊಂದು ತೊಂದರೆ ಇರುತ್ತದೆಂದು ಅಮೆರಿಕ ಸರಕಾರದ ಮಧುಮೇಹ ಮತ್ತು ಮೂತ್ರಪಿಂಡ ರೋಗಗಳ ಸಂಸ್ಥೆ ಹೇಳುತ್ತದೆ. ಆ ಪ್ರಮಾಣವನ್ನು ಹಾಗೆಯೇ ನಮ್ಮಲ್ಲಿಗೆ ಅನ್ವಯಿಸದೆ ಅದರ ಕಾಲುಭಾಗವನ್ನೇ ಹಿಡಿದರೂ ಕೋಟಿಯ ಲೆಕ್ಕವಾಗುತ್ತದೆ.

ಈ ವಿಷಯವನ್ನು ಈಗ ಪ್ರಸ್ತಾಪಿಸಲು ನಿರ್ದಿಷ್ಟವಾದ ಕಾರಣವೊಂದಿದೆ. 2025ರ ಮಾರ್ಚ್ 11ರಂದು ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಔಷಧದ ಪೇಟೆಂಟ್ ನಮ್ಮ ದೇಶದಲ್ಲಿ ಮುಗಿಯಿತು. ಅದುವರೆಗೆ ಮಾತ್ರೆಯೊಂದಕ್ಕೆ ಸುಮಾರು 60 ರೂಪಾಯಿ ಇದ್ದುದು, ಭಾರತೀಯ ಕಂಪನಿಗಳು ತಯಾರಿಕೆಗೆ ಇಳಿದೊಡನೆ, ಕೆಲವು ಹೆಸರುಗಳಲ್ಲಿ 10 ರೂಪಾಯಿಗಿಂತಲೂ ಕೆಳಗೆ ಬಂದಿತು. ಅದೇ ವರ್ಗದ ಡಾಪಾಗ್ಲಿಫ್ಲೋಜಿನ್ 2020ರಲ್ಲಿಯೇ ಅಗ್ಗವಾಗಿತ್ತು. ಇದು ಸಂತೋಷದ ಸುದ್ದಿಯೇ ಹೌದು. ಹೃದಯರೋಗವೂ ಇರುವ ಮಧುಮೇಹಿಗಳಲ್ಲಿ ಈ ಔಷಧವು ಹೃದಯ ಸಂಬಂಧಿ ಸಾವುಗಳನ್ನು ಶೇ. 38ರಷ್ಟು ತಗ್ಗಿಸಿತೆಂದು 2015ರ ಪ್ರಸಿದ್ಧ ಅಧ್ಯಯನವೊಂದು ತೋರಿಸಿತು. ಮೂತ್ರಪಿಂಡಕ್ಕೂ ಅದು ರಕ್ಷಣೆ ಕೊಡುತ್ತದೆ. ಹಾಗಾಗಿ ಮಧ್ಯಮ ವರ್ಗದ ಮನೆಗಳ ಮಾತ್ರೆ ಡಬ್ಬಿಗಳಲ್ಲಿ ಅದು ಈಗ ಸ್ಥಾನ ಪಡೆಯುತ್ತಿದೆ.

ಆದರೆ ಈ ಔಷಧವು ಕೆಲಸ ಮಾಡುವ ರೀತಿಯೇ ಸಕ್ಕರೆಯನ್ನು ಮೂತ್ರದ ಮೂಲಕ ಹೊರಹಾಕುವುದು. ಮೂತ್ರಪಿಂಡವು ಸೋಸಿದ ಸಕ್ಕರೆಯನ್ನು ಮರಳಿ ರಕ್ತಕ್ಕೆ ಸೇರಿಸದಂತೆ ಅದು ತಡೆಯುತ್ತದೆ. ಸಕ್ಕರೆಯ ಜೊತೆಯಲ್ಲಿ ನೀರೂ ಹೋಗುತ್ತದೆ. ದಿನಕ್ಕೆ ಐದು ಬಾರಿ ಎದ್ದು ಹೋಗುತ್ತಿದ್ದವರು ಏಳೆಂಟು ಬಾರಿ ಹೋಗಬೇಕಾಗಬಹುದು. ಗುಪ್ತಾಂಗದಲ್ಲಿ ಶಿಲೀಂಧ್ರದ ಸೋಂಕು, ತುರಿಕೆ ಕೂಡ ಹೆಚ್ಚುತ್ತವೆ. ಮೂತ್ರಕೋಶ ಮೊದಲೇ ದುರ್ಬಲವಾಗಿರುವವರಿಗೆ ಇದು ಸಾಲದ ಮೇಲೆ ಬಡ್ಡಿಯಂತೆ. ವೈದ್ಯರು ಇದನ್ನು ವಿವರಿಸಿ ಹೇಳುವಷ್ಟು ಸಮಯ ನಮ್ಮ ಚಿಕಿತ್ಸಾಲಯಗಳಲ್ಲಿ ಸಿಗುವುದು ಕಡಿಮೆ, ರೋಗಿ ಕೇಳುವುದಿಲ್ಲ. ಫಲವಾಗಿ ಜೀವ ಕಾಯಬಹುದಾದ ಮಾತ್ರೆಯನ್ನು ರೋಗಿಯು ಯಾರಿಗೂ ಹೇಳದೆ, "ಹೊರಗೆ ಹೋಗುವ ದಿನ ಬೇಡ" ಎಂದು ಮೊದಲು ವಾರಕ್ಕೆರಡು ದಿನ, ಆಮೇಲೆ ಪೂರ್ತಿಯಾಗಿ ಬಿಟ್ಟುಬಿಡುವ ಸಂಭವವಿದೆ. ಬಿಡುವ ಬದಲು ಹೇಳಿದರೆ ವೈದ್ಯರಿಗೆ ದಾರಿಗಳಿವೆ. ಬೆಳಗಿನ ಹೊತ್ತು ತೆಗೆದುಕೊಳ್ಳಲು ಹೇಳಬಹುದು, ಜೊತೆಯಲ್ಲಿರುವ ರಕ್ತದೊತ್ತಡದ ನೀರಿನ ಮಾತ್ರೆಯನ್ನು ಮರುಪರಿಶೀಲಿಸಬಹುದು, ತೀರ ಒಗ್ಗದಿದ್ದರೆ ಬೇರೆ ಔಷಧಕ್ಕೆ ಬದಲಿಸಬಹುದು. (ಪ್ರಸಂಗವಶಾತ್ ಒಂದು ಮಾತು: ಏಕಾದಶಿಯಂತಹ ನಿರಾಹಾರ ಉಪವಾಸ ಮಾಡುವವರು, ವಾಂತಿ ಭೇದಿಯಾದವರು, ಶಸ್ತ್ರಚಿಕಿತ್ಸೆಗೆ ಹೊರಟವರು ಈ ವರ್ಗದ ಮಾತ್ರೆಗಳ ಬಗ್ಗೆ ಮುಂಚಿತವಾಗಿಯೇ ವೈದ್ಯರನ್ನು ವಿಚಾರಿಸಬೇಕು. ರಕ್ತ ಆಮ್ಲೀಯವಾಗುವ ಅಪಾಯವಿದೆ.)

ಔಷಧದ ಮಾತು ಇಷ್ಟಕ್ಕೆ ಸಾಕು. ಔಷಧವಿಲ್ಲದೆಯೂ ಮಧುಮೇಹ ಮೂತ್ರಕೋಶವನ್ನು ಕೆಡಿಸುತ್ತದೆ, ಅದನ್ನು ತುಸು ವಿವರವಾಗಿ ನೋಡಬೇಕು. ರಕ್ತದಲ್ಲಿ ಸಕ್ಕರೆ ಸುಮಾರು 180 ಮಿ.ಗ್ರಾಂ. ದಾಟಿದರೆ ಅದು ಮೂತ್ರಕ್ಕೆ ಸೋರತೊಡಗುತ್ತದೆ. ನೀರನ್ನೂ ಎಳೆದೊಯ್ಯುತ್ತದೆ. ಇದು ಕೇವಲ ಹೆಚ್ಚು ಮೂತ್ರದ ಸಮಸ್ಯೆ, ಸಕ್ಕರೆ ಹತೋಟಿಗೆ ಬಂದರೆ ತಾನಾಗಿ ಇಳಿಯುತ್ತದೆ. ನಿಜವಾದ ಕೇಡು ನರಗಳದ್ದು. ಆರೋಗ್ಯವಂತರ ಮೂತ್ರಕೋಶ 400ರಿಂದ 500 ಮಿ.ಲೀ. ಹಿಡಿಯುತ್ತದೆ. ಅರ್ಧದಷ್ಟು ತುಂಬುವ ಹೊತ್ತಿಗೆ ನರಗಳು ಮಿದುಳಿಗೆ ಸುದ್ದಿ ಕಳುಹಿಸುತ್ತವೆ. ನಾವು ಸ್ಥಳ ನೋಡಿಕೊಂಡು, ಸಾವಕಾಶವಾಗಿ ಹೋಗುತ್ತೇವೆ. ಪಾದದ ಸ್ಪರ್ಶವನ್ನು ಕುಂದಿಸುವ ಅದೇ ನರದೌರ್ಬಲ್ಯವು ಈ ಸುದ್ದಿ ಕಳುಹಿಸುವ ಎಳೆಗಳನ್ನೂ ತಿನ್ನುತ್ತದೆ.

ಮೊದಮೊದಲು ಮೂತ್ರಕೋಶ ಕಾರಣವಿಲ್ಲದೆ ಕೆರಳುತ್ತದೆ. ಒಮ್ಮೆಲೇ ಅವಸರ, ಬೀಗದ ಕೈ ತಿರುಗಿಸುವಷ್ಟರಲ್ಲಿ ಬಟ್ಟೆ ಒದ್ದೆ, ರಾತ್ರಿ ಮೂರು ನಾಲ್ಕು ಬಾರಿ ಏಳುವುದು. ವರ್ಷಗಳು ಕಳೆದಂತೆ ಚಿತ್ರ ತಿರುಗಿ ನಿಲ್ಲುತ್ತದೆ. ತುಂಬಿದ ಅರಿವೇ ಬರುವುದಿಲ್ಲ. ಬೆಳಗ್ಗೆ ಹೋದವರು ಮಧ್ಯಾಹ್ನದವರೆಗೆ ಹೋಗದೆಯೂ ಇರಬಲ್ಲರು, ಅದನ್ನೇ ಆರೋಗ್ಯವೆಂದು ಭಾವಿಸುತ್ತಾರೆ. ಮೂತ್ರಕೋಶ ಹಿಗ್ಗಿ ಸಡಿಲಾಗುತ್ತದೆ, ಹಿಂಡಿ ಹೊರಹಾಕುವ ಶಕ್ತಿ ಕಳೆದುಕೊಳ್ಳುತ್ತದೆ. ತುಂಬಿದ ಕೊಡ ತುಳುಕುವುದಿಲ್ಲ ಎಂಬ ನಮ್ಮ ಗಾದೆ ಇಲ್ಲಿ ಸುಳ್ಳಾಗುತ್ತದೆ. ಕೊಡ ತುಂಬಿಯೇ ಇರುತ್ತದೆ, ಕೆಮ್ಮಿದಾಗ, ಎದ್ದಾಗ, ನಿದ್ದೆಯಲ್ಲಿ ಹನಿಹನಿಯಾಗಿ ತುಳುಕುತ್ತಿರುತ್ತದೆ. ಒಳಗೆ ನಿಂತ ನೀರಿನಲ್ಲಿ ಸೋಂಕು ಬೆಳೆಯುತ್ತದೆ, ಒತ್ತಡ ಮೇಲಕ್ಕೆ ಹತ್ತಿ ಮೂತ್ರಪಿಂಡವನ್ನೇ ಹಾಳುಮಾಡಬಹುದು.

ಈ ಎರಡು ಹಂತಗಳ ವ್ಯತ್ಯಾಸವನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹೊರಗಿನಿಂದ ಎರಡೂ ಒಂದೇ, ಒದ್ದೆಯಾದ ಬಟ್ಟೆ. ಒಳಗೆ ಒಂದಕ್ಕೊಂದು ವಿರುದ್ಧ. ಕೆರಳಿದ ಮೂತ್ರಕೋಶವನ್ನು ಶಮನಗೊಳಿಸುವ ಮಾತ್ರೆಯನ್ನು ಸಡಿಲಾದ ಮೂತ್ರಕೋಶಕ್ಕೆ ಕೊಟ್ಟರೆ ಮೂತ್ರ ಪೂರ್ತಿ ಕಟ್ಟಿಕೊಳ್ಳಬಹುದು. ಪಕ್ಕದ ಮನೆಯವರಿಗೆ ಗುಣ ಕೊಟ್ಟ ಮಾತ್ರೆಯ ಹೆಸರನ್ನು ಚೀಟಿಯಲ್ಲಿ ಬರೆದುಕೊಂಡು ಔಷಧದಂಗಡಿಗೆ ಹೋಗುವ ನಮ್ಮ ಅಭ್ಯಾಸ ಇಲ್ಲಿ ಅಪಾಯಕಾರಿ. ಮೇಲಾಗಿ ಆ ಬಗೆಯ ಹಳೆಯ ಮಾತ್ರೆಗಳು ವೃದ್ಧರಲ್ಲಿ ಮರೆವು, ಗೊಂದಲ ಉಂಟುಮಾಡಬಲ್ಲವು. "ಅಜ್ಜಿಗೆ ಇತ್ತೀಚೆಗೆ ಅರುಳು ಮರುಳು" ಎಂದು ಮನೆಯವರು ನೊಂದುಕೊಳ್ಳುವಾಗ ಮಾತ್ರೆಯ ಪಟ್ಟಿಯನ್ನೂ ಒಮ್ಮೆ ನೋಡುವುದು ಒಳ್ಳೆಯದು.

ಯಾವುದು ಯಾವುದೆಂದು ತಿಳಿಯುವ ಪರೀಕ್ಷೆ ಸರಳವಾದುದು. ಲಘುಶಂಕೆ ಮುಗಿಸಿ ಬಂದೊಡನೆ ಸೋನೋಗ್ರಫಿಯಲ್ಲಿ ಮೂತ್ರಕೋಶದೊಳಗೆ ಎಷ್ಟು ಉಳಿದಿದೆಯೆಂದು ಅಳೆಯುತ್ತಾರೆ. ಸೂಜಿಯಿಲ್ಲ, ನೋವಿಲ್ಲ. 50 ಮಿ.ಲೀ. ಒಳಗಿದ್ದರೆ ಚಿಂತೆಯಿಲ್ಲ, 200 ದಾಟಿದರೆ ಮೂತ್ರಕೋಶ ಬರಿದಾಗುತ್ತಿಲ್ಲವೆಂದೇ ಅರ್ಥ. ಜೊತೆಗೆ ಮೂತ್ರದ ಸೋಂಕಿನ ಪರೀಕ್ಷೆ. ಮೆಟ್‌ಫಾರ್ಮಿನ್ ಮಾತ್ರೆಯನ್ನು ಹಲವು ವರ್ಷ ಸೇವಿಸಿದ ಸಸ್ಯಾಹಾರಿಗಳು ಬಿ-12 ಜೀವಸತ್ವದ ಮಟ್ಟವನ್ನೂ ನೋಡಿಸಬೇಕು, ಅದರ ಕೊರತೆಯೂ ನರಗಳನ್ನು ಕೆಡಿಸುತ್ತದೆ.

ಇಷ್ಟು ಸುಲಭವಾದುದು ನಡೆಯುವುದಿಲ್ಲ, ಏಕೆಂದರೆ ಮನೆಯಲ್ಲಿ ಅದಕ್ಕೆ ಮೊದಲೇ ಉತ್ತರ ಸಿದ್ಧವಾಗಿರುತ್ತದೆ. ಗಂಡಸರಾದರೆ ಪ್ರಾಸ್ಟೇಟ್, ಹೆಂಗಸರಾದರೆ ಹೆರಿಗೆ ಅಥವಾ ಗರ್ಭಕೋಶದ ಆಪರೇಷನ್, ಇಬ್ಬರಿಗೂ ಅನ್ವಯಿಸುವುದು ವಯಸ್ಸು. ಇವೆಲ್ಲವೂ ಕಾರಣವಾಗಬಲ್ಲವು, ಸುಳ್ಳಲ್ಲ. ಆದರೆ ಪ್ರಾಸ್ಟೇಟ್ ದೊಡ್ಡದಾಗಿರುವ ಮಧುಮೇಹಿಯ ಮೂತ್ರಕೋಶವೂ ನಿಶ್ಶಕ್ತವಾಗಿದ್ದರೆ, ಪ್ರಾಸ್ಟೇಟ್ ತೆಗೆದ ಮೇಲೂ ಧಾರೆ ಸರಿಹೋಗದೆ ನಿರಾಶೆಯಾಗಬಹುದು. ಶಸ್ತ್ರಚಿಕಿತ್ಸೆಗೆ ಮುನ್ನ ಮೂತ್ರಕೋಶದ ಒತ್ತಡದ ಪರೀಕ್ಷೆ ಬೇಕೇ ಎಂದು ಕೇಳುವ ಹಕ್ಕು ರೋಗಿಗಿದೆ. ಕೇಳಬೇಕಾದರೆ ಮೊದಲು ತನಗೆ ಸಕ್ಕರೆ ಕಾಯಿಲೆ ಎಷ್ಟು ವರ್ಷಗಳಿಂದ ಇದೆಯೆಂದು ಮೂತ್ರರೋಗ ತಜ್ಞರಿಗೆ ಹೇಳಿರಬೇಕು.

ಸಂಕೋಚಪಟ್ಟವರು ತಾವೇ ಕಂಡುಕೊಳ್ಳುವ ಚಿಕಿತ್ಸೆಯೆಂದರೆ ನೀರು ಕುಡಿಯದಿರುವುದು. ವಿರಾರ್, ಡೊಂಬಿವಲಿ, ಕಲ್ಯಾಣ್‌ಗಳಿಂದ ನಿತ್ಯ ಓಡಾಡುವ ನಮ್ಮ ಮಹಿಳೆಯರಿಗೆ ಇದು ಹೊಸತಲ್ಲ. ಮುಂಬಯಿಯ ಲೋಕಲ್ ರೈಲಿನಲ್ಲಿ ಶೌಚಾಲಯವಿಲ್ಲ. ಚರ್ಚ್‌ಗೇಟಿನಿಂದ ವಿರಾರ್ 60 ಕಿ.ಮೀ., ಸಿಎಸ್‌ಎಂಟಿಯಿಂದ ಕಸಾರ 120 ಕಿ.ಮೀ. ದೂರ, ನಿಂತೇ ಸಾಗುವ ಒಂದೂವರೆ ಎರಡು ಗಂಟೆ. ಮನೆಯಿಂದ ಹೊರಡುವಾಗ ಗಂಟಲು ಒಣಗಿಸಿಕೊಂಡೇ ಹೊರಡುತ್ತಾರೆ. ಮಧುಮೇಹಿಗೆ ಇದರಿಂದಾಗುವುದು ಎರಡು ಪಟ್ಟು ಹಾನಿ. ಗಟ್ಟಿಯಾದ ಮೂತ್ರವು ಮೂತ್ರಕೋಶವನ್ನು ಇನ್ನಷ್ಟು ಕೆರಳಿಸುತ್ತದೆ, ಸೋಂಕಿಗೂ ಎಡೆಮಾಡುತ್ತದೆ. ಹೊಸ ಮಾತ್ರೆ ತೆಗೆದುಕೊಳ್ಳುವವರ ದೇಹದಲ್ಲಿ ನೀರು ಬತ್ತಿ ತಲೆಸುತ್ತಿ ಬೀಳುವ ಸಂಭವವೂ ಉಂಟು. ಕಡಿಮೆ ಮಾಡಬೇಕಾದುದು ನೀರನ್ನಲ್ಲ, ಮೇಲಿಂದ ಮೇಲೆ ಕುಡಿಯುವ ಚಹಾ ಕಾಫಿಯನ್ನು. ಸಂಜೆಯ ನಂತರದ ಲೋಟಗಳನ್ನು ಹಗಲಿಗೆ ವರ್ಗಾಯಿಸಿದರೆ ರಾತ್ರಿ ಏಳುವುದು ತಗ್ಗುತ್ತದೆ. ರಾತ್ರಿ ಏಳುವುದನ್ನು ಹಗುರವಾಗಿ ಕಾಣಬಾರದು. ಪಾದದ ಸ್ಪರ್ಶ ಕುಂದಿದ, ಎದ್ದು ನಿಂತೊಡನೆ ರಕ್ತದೊತ್ತಡ ಕುಸಿಯುವ ಹಿರಿಯರು ಕತ್ತಲಲ್ಲಿ ಅವಸರದಿಂದ ಬಚ್ಚಲಿಗೆ ನಡೆಯುವಾಗಲೇ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು. ಹಾಸಿಗೆಯಿಂದ ಬಚ್ಚಲವರೆಗೆ ಒಂದು ಸಣ್ಣ ದೀಪ, ಗೋಡೆಗೊಂದು ಹಿಡಿ, ಕಾಲಿಗೆ ತೊಡರುವ ಚಾಪೆಯನ್ನು ಮಡಿಸಿಡುವುದು, ಇವು ಯಾವ ಮಾತ್ರೆಗೂ ಕಡಿಮೆಯಲ್ಲ.

ಉಳಿದ ಚಿಕಿತ್ಸೆಯೂ ಬಹುಮಟ್ಟಿಗೆ ಅಭ್ಯಾಸದ್ದೇ. ಅರಿವು ಕಳೆದುಹೋಗಿದ್ದರೆ ಗಡಿಯಾರವನ್ನೇ ಅರಿವಾಗಿಸಿಕೊಂಡು ಎರಡು ಮೂರು ಗಂಟೆಗೊಮ್ಮೆ ಹೋಗುವುದು, ಮುಗಿಯಿತೆನಿಸಿದ ಮೇಲೂ ಒಂದೆರಡು ನಿಮಿಷ ಕಾದು ಮತ್ತೊಮ್ಮೆ ಪ್ರಯತ್ನಿಸುವುದು. ಎಷ್ಟು ಕುಡಿದೆವು, ಎಷ್ಟು ಬಾರಿ ಹೋದೆವು, ಯಾವಾಗ ತಪ್ಪಿತು ಎಂದು ಮೂರು ದಿನ ಬರೆದಿಟ್ಟು ವೈದ್ಯರಿಗೆ ತೋರಿಸಿದರೆ ಬಾಯಲ್ಲಿ ಹೇಳಲಾಗದುದನ್ನು ಆ ಕಾಗದವೇ ಹೇಳುತ್ತದೆ. ಅವಸರವಾಗುವವರಿಗೆ, ಕೆಮ್ಮಿದಾಗ ಸೋರುವವರಿಗೆ ಸೊಂಟದ ತಳದ ಸ್ನಾಯುಗಳನ್ನು ಬಿಗಿದು ಸಡಿಲಿಸುವ ವ್ಯಾಯಾಮವಿದೆ. 1948ರಲ್ಲಿ ಅಮೆರಿಕದ ವೈದ್ಯ ಆರ್ನಾಲ್ಡ್ ಕೇಗಲ್ ಪ್ರಚುರಪಡಿಸಿದ್ದು. ಯೋಗಾಭ್ಯಾಸಿಗಳಿಗೆ ಪರಿಚಿತವಾದ ಮೂಲಬಂಧಕ್ಕೆ ಇದು ಬಹಳ ಹತ್ತಿರ. ತೂಕ ಇಳಿಸುವುದರಿಂದಲೂ ಫಲವಿದೆ. ಮಧುಮೇಹದ ಹೊಸ್ತಿಲಲ್ಲಿದ್ದ ಸ್ಥೂಲಕಾಯದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೂತ್ರ ಸೋರುವ ತೊಂದರೆ ಆಹಾರ ಮತ್ತು ನಡಿಗೆಯ ಶಿಸ್ತು ಪಾಲಿಸಿದವರಲ್ಲಿ ಶೇ. 38, ಪಾಲಿಸದವರಲ್ಲಿ ಶೇ. 46ರಷ್ಟಿತ್ತು. ದೊಡ್ಡ ಅಂತರವಲ್ಲ, ಆದರೆ ಖರ್ಚಿಲ್ಲದ ಲಾಭ. ಇನ್ನು ತಾನಾಗಿ ಬರಿದಾಗದ ಮೂತ್ರಕೋಶಕ್ಕೆ ದಿನಕ್ಕೆ ಕೆಲವು ಬಾರಿ ರೋಗಿಯೇ ತೆಳುವಾದ ನಳಿಕೆ ಹಾಕಿ ಖಾಲಿ ಮಾಡಿಕೊಳ್ಳುವ ವಿಧಾನವು 1972ರಿಂದ ಬಳಕೆಯಲ್ಲಿದೆ. ಕೇಳಿದೊಡನೆ ಎದೆ ನಡುಗುತ್ತದೆ, ನಿಜ. ಇನ್ಸುಲಿನ್ ಸೂಜಿಯನ್ನು ಕೂಡ ಒಂದು ಕಾಲದಲ್ಲಿ ನಮ್ಮ ಮನೆಗಳು ಹಾಗೆಯೇ ಕಂಡಿದ್ದವು.

ಮನೆಯೊಳಗಿನ ಕಥೆ ಇದಾದರೆ, ಅಭ್ಯಾಸದ ಚಿಕಿತ್ಸೆಗೆ ಮನೆಯ ಹೊರಗೂ ಒಂದು ಸಾಧನ ಬೇಕು. ಎರಡು ಗಂಟೆಗೊಮ್ಮೆ ಹೋಗಿರಿ ಎಂದು ವೈದ್ಯರು ಬರೆದುಕೊಟ್ಟರೆ ಹೋಗಲು ಜಾಗವಿರಬೇಕಲ್ಲ! ಮುಂಬಯಿಯಲ್ಲಿ ಪುರುಷರಿಗೆ ಉಚಿತವಾಗಿದ್ದ ಮೂತ್ರಾಲಯಕ್ಕೆ ಮಹಿಳೆಯರಿಂದ ಹಣ ಪಡೆಯುವುದನ್ನು ಪ್ರಶ್ನಿಸಿ 2011ರಲ್ಲಿ ಸಂಘಟನೆಗಳು ಆರಂಭಿಸಿದ ಚಳವಳಿ ದೇಶದ ಗಮನ ಸೆಳೆಯಿತು. ಪುಣೆಯ 'ಮಿಳೂನ್ ಸಾರ್ಯಾಜಣಿ' ಎಂಬ ಮರಾಠಿ ಮಹಿಳಾ ಪತ್ರಿಕೆ ಹೂಡಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವು 2015ರ ಡಿಸೆಂಬರಿನಲ್ಲಿ ತೀರ್ಪಿತ್ತು, ಮಹಿಳೆಯರಿಗೆ ಶುಚಿಯಾದ, ಸುರಕ್ಷಿತವಾದ ಶೌಚಾಲಯ ಒದಗಿಸುವುದನ್ನು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನೊಂದಿಗೆ ಜೋಡಿಸಿತು. ತೀರ್ಪು ಬಂದು ದಶಕ ಕಳೆದಿದೆ. ಯಾವುದೇ ಉಪನಗರ ನಿಲ್ದಾಣದಲ್ಲಿ ಇಳಿದು ಹುಡುಕಿದವರಿಗೆ ಅದರ ಜಾರಿಯ ಬಗ್ಗೆ ನಾವು ಹೇಳಬೇಕಾದುದೇನೂ ಉಳಿದಿಲ್ಲ.

ಪಾಲಿಕೆಯನ್ನು ದೂರುವುದು ಸುಲಭ. ಇಲ್ಲಿ ನಮ್ಮ ಸಮುದಾಯದ ಕೈಯಲ್ಲಿಯೇ ಇರುವ ಒಂದು ಸಂಗತಿಯನ್ನೂ ಹೇಳದೆ ವಿಧಿಯಿಲ್ಲ. ದಕ್ಷಿಣ ದಿಲ್ಲಿ ಮಹಾನಗರ ಪಾಲಿಕೆಯು 2017ರ ಏಪ್ರಿಲ್ 1ರಿಂದ ಹೋಟೆಲು, ಉಪಾಹಾರಗೃಹಗಳು ತಮ್ಮ ಶೌಚಾಲಯವನ್ನು ಗ್ರಾಹಕರಲ್ಲದವರಿಗೂ, 5 ರೂಪಾಯಿ ಮೀರದ ಶುಲ್ಕಕ್ಕೆ ತೆರೆದಿಡಬೇಕೆಂದು ಗೊತ್ತುಮಾಡಿತ್ತು. ಮುಂಬಯಿಯಲ್ಲಿ ನಿಲ್ದಾಣದ ಎದುರಿಗೆ, ಆಸ್ಪತ್ರೆಯ ಪಕ್ಕದಲ್ಲಿ, ಮಾರುಕಟ್ಟೆಯ ಮೂಲೆಯಲ್ಲಿ ಉಡುಪಿ ಹೋಟೆಲು ನಡೆಸುವವರು ಯಾರು? ನಮ್ಮವರೇ. ಜಾಗ ಇಕ್ಕಟ್ಟು, ನೀರಿನ ಅಭಾವ, ಶುಚಿಗೊಳಿಸುವ ಸಿಬ್ಬಂದಿಯ ಕೊರತೆ, ದುರುಪಯೋಗ ಮಾಡುವವರು, ಇವೆಲ್ಲ ನಿಜವಾದ ಕಷ್ಟಗಳು. ಎಲ್ಲರಿಗೂ ತೆರೆದಿಡಿ ಎಂದು ನಾವು ಹೇಳುವುದಿಲ್ಲ. ಆದರೆ ಅರವತ್ತು ದಾಟಿದವರೊಬ್ಬರು, ಗರ್ಭಿಣಿಯೊಬ್ಬರು ಗಲ್ಲೆಯ ಮುಂದೆ ನಿಂತು ತಗ್ಗಿದ ದನಿಯಲ್ಲಿ ಕೇಳಿದಾಗ "ಇಲ್ಲ" ಎನ್ನದಿರಲು ಕಾನೂನು ಬೇಕಿಲ್ಲ. ಹೋಟೆಲು ಮಾಲಕರ ಸಂಘಟನೆಗಳು ಒಂದು ಸಣ್ಣ ಫಲಕವನ್ನು ಒಪ್ಪಿ ತೂಗುಹಾಕಿದರೆ, ಕೇಳುವ ಅವಮಾನವೂ ತಪ್ಪುತ್ತದೆ.

ವಯಸ್ಕರ ಡಯಾಪರಿನ ಮಾತನ್ನೂ ಮುಚ್ಚಿಡುವುದು ಬೇಡ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳನ್ನು ಪರಿಷ್ಕರಿಸಿದಾಗ ವೈದ್ಯಕೀಯ ಡಯಾಪರುಗಳ ಮೇಲಿನ ತೆರಿಗೆ ಶೇ. 12ರಿಂದ 5ಕ್ಕೆ ಇಳಿಯಿತು. ರಕ್ತದ ಸಕ್ಕರೆ ನೋಡುವ ಗ್ಲುಕೋಮೀಟರ್ ಮತ್ತು ಪಟ್ಟಿಗಳಿಗೂ ಅದೇ ಇಳಿಕೆ. ಊರಿಗೆ ರಾತ್ರಿಯ ಬಸ್ಸಿನಲ್ಲಿ ಹೊರಟವರಿಗೆ, ಮಗಳ ಮದುವೆಯಲ್ಲಿ ಧಾರೆಗೆ ಕುಳಿತುಕೊಳ್ಳಬೇಕಾದವರಿಗೆ ಅದು ನೆರವಾಗುವುದಾದರೆ ನಾಚಿಕೆಪಡಲು ಕಾರಣವಿಲ್ಲ. ಆದರೆ ಪರೀಕ್ಷೆಯನ್ನೇ ಮಾಡಿಸದೆ, ಆರೈಕೆ ಸುಲಭವಾಗಲೆಂದು ನಡೆದಾಡಬಲ್ಲ ತಂದೆತಾಯಿಗೆ ಅದನ್ನು ಖಾಯಂ ಮಾಡುವುದು ಬೇರೆಯ ಮಾತು. ಮೂತ್ರ ಒಳಗೆ ಕಟ್ಟಿಕೊಂಡು ತುಳುಕುತ್ತಿದ್ದರೆ ಡಯಾಪರು ರೋಗವನ್ನು ಮುಚ್ಚುತ್ತದೆ, ಅಷ್ಟೆ. ಈ ಮಾತನ್ನು ಮನೆಯಲ್ಲಿ ಯಾರು ಎತ್ತಬೇಕು ಎಂಬುದು ಇನ್ನೊಂದು ಕಗ್ಗಂಟು. ಮಾವನವರೊಡನೆ ಸೊಸೆ ಮಾತನಾಡಲಾರಳು, ತಾಯಿಯೊಡನೆ ಮಗ ಮಾತನಾಡಲಾರ. ಮೊಮ್ಮಕ್ಕಳೇ ಹೆಚ್ಚು ನಿಸ್ಸಂಕೋಚವಾಗಿ "ಅಜ್ಜ, ರಾತ್ರಿ ಎಷ್ಟು ಸಲ ಎದ್ದಿರಿ?" ಎಂದು ಕೇಳಬಲ್ಲರೇನೋ.

ನಮ್ಮ ಸಂಘಗಳು ವರ್ಷಕ್ಕೊಮ್ಮೆ ಉಚಿತ ವೈದ್ಯಕೀಯ ಶಿಬಿರ ನಡೆಸುತ್ತವೆ. ಬೆರಳು ಚುಚ್ಚಿ ಸಕ್ಕರೆ ನೋಡುತ್ತಾರೆ, ರಕ್ತದೊತ್ತಡ ಅಳೆಯುತ್ತಾರೆ, ಇಸಿಜಿ ತೆಗೆಯುತ್ತಾರೆ, ಕನ್ನಡಕ ಕೊಡುತ್ತಾರೆ. ಹೆಸರು, ವಯಸ್ಸು, ವಿಳಾಸ ತುಂಬಿಸುವ ಅರ್ಜಿಯಲ್ಲಿ ಮಧುಮೇಹಿಗಳಿಗಾಗಿ ಇನ್ನೆರಡು ಸಾಲು ಸೇರಿಸುವಂತೆ ಪದಾಧಿಕಾರಿಗಳಲ್ಲಿ ನಾವು ವಿನಂತಿಸುತ್ತೇವೆ. ಬಾಯಿಬಿಟ್ಟು ಹೇಳುವ ಅಗತ್ಯವಿಲ್ಲ, ಹೌದು ಅಥವಾ ಇಲ್ಲ ಎಂದು ಗುರುತು ಹಾಕಿದರೆ ಸಾಕು. ಒಂದು: ಲಘುಶಂಕೆಗೆ ಅವಸರವಾದಾಗ ಬಚ್ಚಲು ತಲುಪುವ ಮೊದಲೇ ತಪ್ಪಿಹೋಗುವುದುಂಟೇ? ಇನ್ನೊಂದು: ಹೋಗಿ ಬಂದ ಮೇಲೂ ಪೂರ್ತಿ ಆಗಲಿಲ್ಲವೆಂದು ಅನಿಸುತ್ತದೆಯೇ? ಹೌದು ಎಂದವರ ಚೀಟಿಯ ಮೇಲೆ ಸೋನೋಗ್ರಫಿಗೆ ಬರೆದುಕೊಡುವುದನ್ನು ಶಿಬಿರದ ವೈದ್ಯರು ನೋಡಿಕೊಳ್ಳುತ್ತಾರೆ.